ಕತ್ತೆ ಆರಿಸಿಕೊಟ್ಟ ಕಾಂಪೌಂಡರ್

ಅವರ ಬಲಗೈ ಭುಜದವರೆಗೂ ಎಡಗೈಗಿಂತ ಬೆಳ್ಳಗಿತ್ತು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಷ್ಟು ಕಾಲ, ಕರು ಹಾಕಲಾಗದೆ ಒದ್ದಾಡುವ ಹಸು ಎಮ್ಮೆಗಳಿಗೆ ಕೈಹಾಕಿ, ಆಮೇಲೆ ಸೋಪು ಹಚ್ಚಿ ತಿಕ್ಕಿ ತಿಕ್ಕಿ ಆ ತೋಳು ಹಾಗಾಗಿತ್ತಂತೆ. ನಿವೃತ್ತರಾಗಿ ಸರಸ್ವತಿ ನಗರದ ನಮ್ಮ ಎದುರು ಮನೆಗೆ ಬಂದ ಮೇಲೂ ಊಟಕ್ಕೆ ಮುಂಚೆ ಮೊಣಕೈ ದಾಟಿ ತೊಳೆಯುವ ಅಭ್ಯಾಸ ಬಿಡಲಿಲ್ಲ. ಬೀದಿಗೆಲ್ಲ ಅವರು ಕಾಂಪೌಂಡರ್ ಸಾಹೇಬರು.

ಹತ್ತಿರದ ಹಳ್ಳಿ ಕುಕ್ಕುವಾಡದಲ್ಲಿ ಅಪ್ಪ ನನ್ನ ಹೆಸರಿಗೆ ಬರೆದುಕೊಟ್ಟ ಎರಡು ಎಕರೆ ಇತ್ತು. ನಾನು ಲೆಕ್ಕದ ಟೀಚರಾಗಿ ನಿವೃತ್ತಳಾದ ವರ್ಷ ನಮ್ಮ ಮನೆಯವರು ಪಟ್ಟು ಹಿಡಿದರು. "ಯುಗಾದಿವರೆಗೂ ನೋಡು. ಅಲ್ಲಿ ಏನಾದ್ರೂ ಮಾಡಿದ್ರೆ ಸರಿ, ಇಲ್ಲಾಂದ್ರೆ ಮಾರಿಬಿಡೋಣ." ಅಪ್ಪನ ನೆಲ ಬಿಡಲು ನನಗೆ ಮನಸ್ಸಿರಲಿಲ್ಲ. ಎಲ್ಲರ ಹಾಗೆ ಹಸು ಬೇಡ, ಬೇರೆ ಏನಾದರೂ ಸಾಕೋಣ ಅಂತ ಮೊಬೈಲಿನಲ್ಲಿ ನೋಡಿ ಟರ್ಕಿ ಕೋಳಿಗೆ ಮನಸೋತೆ. ಜಾಲರಿ ಹಾಕಿ ಶೆಡ್ಡು ಕಟ್ಟಿಸಿ, ಬೀದಿಗೆಲ್ಲ ಸುದ್ದಿ ಹಂಚಿ, ಎಲ್ಲಾ ಆದ ಮೇಲೆ ಸಾಹೇಬರನ್ನು ಕೇಳಲು ಹೋದೆ.

"ಬೆಳೆಸಿದ ಮ್ಯಾಲೆ ಯಾರು ತಿಂತಾರ್ರಿ ಅವನ್ನ?"

"ಶಿವ ಶಿವಾ! ನಮ್ಮಲ್ಲಿ ಯಾರೂ ಮುಟ್ಟಲ್ಲ."

"ಮತ್ಯಾಕ ಟೀಚರಮ್ಮ? ಕೊಯ್ಯೋರ ಕೈಗೆ ಕೊಡೋಕೆ ನಿಮಗಾಗ್ತೈತೇನು?"

ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಮಾಂಸದ ಕೋಳಿಗೆ ಮನೆ ಕಟ್ಟಿಸಿ ಕೂತಿದ್ದೆ!

ಪ್ರಾಣಿ ಆರಿಸಲು ಅವರದೇ ಒಂದು ಪದ್ಧತಿಯಿತ್ತು. ಹಲ್ಲು, ಗೊರಸು, ತಳಿ ಎಲ್ಲ ಆಮೇಲೆ. ಮೊದಲು ಕೊಳ್ಳುವವರ ಕೈಗೆ ಪೊರಕೆ ಕೊಟ್ಟು ಅದು ನಿಲ್ಲುವ ಜಾಗ ಗುಡಿಸಲು ಹೇಳುತ್ತಿದ್ದರು. "ಯಾವುದರ ಹೊಲಸು ಬಾಚೋಕೆ ನಿಮಗೆ ಬ್ಯಾಸರ ಆಗಲ್ವೋ ಅದನ್ನ ತಗೊಳ್ರಿ." ಅವರ ಸ್ಕೂಟರಿನ ಹಿಂದೆ ಕೂತು ಸುತ್ತಿದೆ. ಮೊಲದ ಗೂಡಿನಲ್ಲಿ ಮೂಗು ಮುಚ್ಚಿಕೊಂಡೆ. ಇನ್ನೊಂದು ಕಡೆ ಹೆಬ್ಬಾತು ನನ್ನ ಸೀರೆ ಹಿಡಿದು ಎಳೆಯಿತು, ಪೊರಕೆ ಬಿಸಾಕಿ ಓಡಿದೆ. ಸಾಹೇಬರು ಕೆಮ್ಮು ಬರುವಷ್ಟು ನಕ್ಕರು.

ಹರಿಹರದ ಹೊಳೆದಂಡೆಯಲ್ಲಿ ಎರಡು ಹೆಣ್ಣು ಕತ್ತೆಗಳಿದ್ದವು. ಅವುಗಳ ಮೇಲೆ ಇಟ್ಟಿಗೆ ಹೊರಿಸುತ್ತಿದ್ದವನು ಗೂಡ್ಸ್ ಆಟೋ ತಗೊಂಡಿದ್ದ, ಕೇಳಿದವರಿಗೆ ಕೊಡಲು ತಯಾರಿದ್ದ. ನಾನು ಗುಡಿಸುತ್ತಿದ್ದಾಗ ಒಂದು ಕತ್ತೆ ಬಂದು ನನ್ನ ಹೆಗಲ ಮೇಲೆ ಗದ್ದ ಇಟ್ಟು ನಿಂತುಬಿಟ್ಟಿತು. ನಾನು ಅಲುಗಾಡಲಿಲ್ಲ. ಸಾಹೇಬರು ಅದರ ಹೊಟ್ಟೆ ಸವರಿ, "ಆಯ್ತಲ್ರೀ ಮತ್ತೆ. ಇದು ಗಬ್ಬ ಐತೆ, ನೋಡ್ಕೊಳ್ರಿ" ಅಂದರು.

ಎರಡನ್ನೂ ಕೊಂಡು, ಟರ್ಕಿಗೆಂದು ಕಟ್ಟಿಸಿದ್ದ ಶೆಡ್ಡಿಗೆ ತಂದೆ. ಬೀದಿಯಲ್ಲಿ ನನ್ನ ಮಾನ ಹರಾಜಾಯಿತು. "ಕತ್ತೆ ಕಾಯೋಕೆ ಹೋಗ್ರೋ" ಅಂತ ನಾನು ತರಗತಿಯಲ್ಲಿ ಬೈದಿದ್ದ ಹುಡುಗರೆಲ್ಲ ಈಗ ಮೀಸೆ ಹೊತ್ತ ಅಪ್ಪಂದಿರು, ನನ್ನನ್ನು ಕಂಡು ಹಲ್ಲು ಕಿರಿಯುತ್ತಿದ್ದರು. ನಮ್ಮ ಮನೆಯವರಂತೂ ಹೊಲದ ಕಡೆ ತಲೆಹಾಕಲಿಲ್ಲ. ನನಗೋ, ಕತ್ತೆ ಮೇಯಿಸಿ, ಲದ್ದಿ ಬಾಚಿ ಬರುವಷ್ಟರಲ್ಲಿ ಚೆನ್ನಾಗಿ ಹಸಿವಾಗುತ್ತಿತ್ತು. ಸುಖವಾಗಿದ್ದೆ.

ಯುಗಾದಿಗೆ ವಾರವಿದೆ ಅನ್ನುವಾಗ ನಮ್ಮ ಮನೆಯವರು ಇಸ್ತ್ರಿ ಪ್ಯಾಂಟು ಹಾಕಿಕೊಂಡು, ಹೊಲ ಕೊಳ್ಳುವವರೊಬ್ಬರನ್ನು ಕರೆದುಕೊಂಡೇ ಬಂದರು. ಆ ಹೊತ್ತಿಗೆ ಗಬ್ಬದ ಕತ್ತೆ ನೋವು ತಿನ್ನುತ್ತಾ ಮಲಗಿತ್ತು. ಮರಿಯ ಮುಂಗಾಲು ಹೊರಬಂದು ಅಲ್ಲೇ ಸಿಕ್ಕಿಕೊಂಡಿತ್ತು. ಸಾಹೇಬರು ಉಬ್ಬಸದಿಂದ ಹಾಸಿಗೆ ಹಿಡಿದಿದ್ದರು. ಅವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ನಿಮ್ಮ ಶಕ್ತಿ ಸಾಲಲ್ಲ ಟೀಚರಮ್ಮ. ಪಕ್ಕದಾಗೆ ಯಾರದಾರೆ?"

"ನಮ್ಮ ಮನೆಯವರಿದಾರೆ."

"ಯಜಮಾನ್ರೆ, ತೋಳು ಮಡಚ್ರಿ. ಕಾಲು ಹಿಡ್ಕೊಳ್ರಿ. ಅದು ತಿಣುಕಿದಾಗಷ್ಟೇ ಎಳೀರಿ, ಕೆಳಮುಖ. ಅವಸರ ಬ್ಯಾಡ."

ನಮ್ಮ ಮನೆಯವರು ಇಸ್ತ್ರಿ ಪ್ಯಾಂಟಿನಲ್ಲೇ ಕೆಸರಲ್ಲಿ ಮಂಡಿಯೂರಿದರು. ಸಾಹೇಬರು ಕೆಮ್ಮುತ್ತಾ ಹೇಳಿದಂತೆಲ್ಲ ಮಾಡಿದರು. ಮರಿ ಅವರ ತೊಡೆಯ ಮೇಲೇ ಜಾರಿ ಬಿತ್ತು. ಅದರ ಮೂಗು ಒರೆಸುತ್ತಾ ಮಗುವಿನ ಹಾಗೆ ಅತ್ತುಬಿಟ್ಟರು. ಬಂದಿದ್ದವರು, "ಸರ್, ಬೇಲಿ ಎಲ್ಲೀವರೆಗೂ..." ಅಂತ ಶುರುಮಾಡಿದರು. ನಮ್ಮ ಮನೆಯವರು ತಲೆಯೆತ್ತದೆ, "ಇದು ಕೊಡೋದಲ್ರೀ, ತಪ್ಪು ತಿಳ್ಕೋಬ್ಯಾಡ್ರಿ" ಅಂದರು.

ಸಂಜೆ ಸಾಹೇಬರಿಗೆ ಮರಿಯ ಫೋಟೋ ತೋರಿಸಿದೆ. "ಕಿವಿ ನೆಟ್ಟಗದಾವೆ, ಬದುಕ್ತೈತೆ" ಅಂದರು. ಮುಂದಿನ ತಿಂಗಳು ಅವರೇ ಹೋದರು. ಅವರಿಗೆ ಮಣ್ಣು ಹಾಕಿ ಬಂದ ದಿನ ನಮ್ಮ ಮನೆಯವರು ಸ್ನಾನ ಮಾಡಿ ಒಬ್ಬರೇ ಹೊಲಕ್ಕೆ ಹೋಗಿ, ಕತ್ತಲಾಗುವವರೆಗೂ ಅಲ್ಲೇ ಇದ್ದರು.

ಅಪ್ಪನ ನೆಲ ನನಗೆ ಉಳಿದದ್ದು ಸಾಹೇಬರಿಂದ. ಮೂವತ್ತು ವರ್ಷಕ್ಕೂ ಮೇಲೆ ಸಂಸಾರ ಮಾಡಿಯೂ ನನ್ನ ಗಂಡ ಅಳಬಲ್ಲರು ಅಂತ ನನಗೆ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟವರೂ ಅವರೇ.