ಬಾಗಿಲ ಪಕ್ಕದ ತಟ್ಟೆಗಳು

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಏಳನೇ ಕ್ಲಾಸಿನಲ್ಲಿ. ನಾನು ಕೆಲಸ ಮಾಡಿದ ಲ್ಯಾಬಿನ ಮೇಡಂ ಮೂವತ್ತು ದಾಟಿದ ಮೇಲೂ ಓದುತ್ತಲೇ ಇದ್ದವರು. ಆದರೂ ನಮ್ಮಿಬ್ಬರ ಕೈ ಪಕ್ಕಪಕ್ಕ ಇಟ್ಟು ನೋಡಿದರೆ ಕಲಿತವರು ಯಾರೆಂದು ಹೇಳುವುದು ಕಷ್ಟವಿತ್ತು. ಅವರ ಬಲಗೈ ಹೆಬ್ಬೆರಳ ತುದಿ ಚಪ್ಪಟೆಯಾಗಿ, ಅಲ್ಲಿನ ಚರ್ಮ ಹಿಮ್ಮಡಿಯ ಹಾಗೆ ದಪ್ಪಗಾಗಿತ್ತು. ಹನಿ ಹನಿಯಾಗಿ ಅಳೆದು ಹಾಕುವ ಪಿಪೆಟ್ಟನ್ನು ದಿನವಿಡೀ ಒತ್ತಿ ಒತ್ತಿ ಆದದ್ದು ಅದು.

ದೆಹಲಿಗೆ ಬಂದು ನಮ್ಮ ಕಡೆಯವರ ಹೋಟೆಲುಗಳಲ್ಲಿ ವರ್ಷಗಟ್ಟಲೆ ದುಡಿದು, ಕೊನೆಗೆ ಒಂದು ಸಂಶೋಧನಾ ಸಂಸ್ಥೆಯ ಕ್ಯಾಂಟೀನಿಗೆ ಸೇರಿದ್ದೆ. ೨೦೦೪ರಲ್ಲಿ ಒಂದು ಮಧ್ಯಾಹ್ನ ಮೇಡಂ ಅಡುಗೆಮನೆಯ ಬಾಗಿಲಿಗೇ ಬಂದರು. ಗಾಜಿನ ಲೋಟವೊಂದನ್ನು ಬೆಳಕಿಗೆ ಹಿಡಿದು, ಇದನ್ನು ತೊಳೆದದ್ದು ಯಾರು ಎಂದು ಹಿಂದಿಯಲ್ಲಿ ಕೇಳಿದರು. ದೂರು ತಂದಿದ್ದಾರೆಂದುಕೊಂಡು, "ನಾನೇ. ಎಂತ ಆಗಿದೆ ಅದಕ್ಕೆ?" ಎಂದುಬಿಟ್ಟೆ, ಕನ್ನಡದಲ್ಲೇ.

ಅವರ ಮುಖ ಅರಳಿತು. "ಏನೂ ಆಗಿಲ್ಲ ಕಣ್ರೀ, ಅದೇ ಆಶ್ಚರ್ಯ! ಕಲೆಯಿಲ್ಲ, ಸೋಪಿನ ವಾಸನೆಯಿಲ್ಲ. ನಮ್ಮ ಲ್ಯಾಬಿಗೆ ಬರ್ತೀರಾ?"

ನಾಲ್ಕು ನೀರು ತೋರಿಸದೆ ಲೋಟ ಮಗುಚಿಟ್ಟವನಲ್ಲ ನಾನು. ಗಾಜಿನಲ್ಲಿ ಸೋಪಿನ ಅಂಶ ಉಳಿದರೆ ಜೀವಕೋಶಗಳು ಸಾಯುತ್ತವೆ, ಅದಕ್ಕೇ ನನ್ನಂಥವನು ಬೇಕಿತ್ತು ಎಂದು ಆಮೇಲೆ ತಿಳಿಯಿತು. ತೊಳೆಯುವುದರಿಂದ ಶುರುವಾಗಿ, ವರ್ಷದೊಳಗೆ ಕೋಶಗಳನ್ನು ಬೆಳೆಸುವ ತಟ್ಟೆಗಳನ್ನು ನೋಡಿಕೊಳ್ಳುವವರೆಗೆ ಬಂದೆ.

ಲ್ಯಾಬಿನಲ್ಲಿ ಎಲ್ಲರಿಗೂ ನಾನು ಭಯ್ಯಾ. ಮೇಡಂ ಒಬ್ಬರೇ 'ನೀವು' ಎಂದು ಕನ್ನಡದಲ್ಲಿ ಮಾತಾಡಿಸುತ್ತಿದ್ದವರು. ಅವರು ಮೈಸೂರಿನವರು. "ನಿಮ್ಮ ಕರಾವಳಿಯವರು ಜಗಳವಾಡಿದರೂ ಪಾಠ ಓದಿದ ಹಾಗಿರುತ್ತೆ" ಎಂದು ರೇಗಿಸುತ್ತಿದ್ದರು. "ನೀವು ಮೈಸೂರಿನವರು ಅರ್ಧ ಮಾತು ನುಂಗುತ್ತೀರಿ, ಅದಕ್ಕೇ ಊಟ ಕಡಿಮೆ ಸಾಕು" ಎನ್ನುತ್ತಿದ್ದೆ ನಾನು. ಅವರು ಮೊಸರನ್ನ ತಿನ್ನುತ್ತಿದ್ದದ್ದೂ ನಿಂತುಕೊಂಡೇ. ಯಾರಾದರೂ ವಿದ್ಯಾರ್ಥಿ ಆತುರಪಟ್ಟರೆ, "ಅವಸರಕ್ಕೆ ಬೇರೆ ಲ್ಯಾಬ್ ಇದೆ, ಚಲೋ" ಎಂದು ಬಾಗಿಲು ತೋರಿಸುತ್ತಿದ್ದರು.

ಇದೆಲ್ಲ ಯಾತಕ್ಕೆ ಎಂದು ಒಮ್ಮೆ ಕೇಳಿದೆ. ಏಳನೇ ಕ್ಲಾಸಿನವನಿಗೆ ಇದು ಬೇಡ ಎನ್ನಲಿಲ್ಲ ಅವರು. ಸ್ಟೂಲ್ ಎಳೆದು ಕೂರಿಸಿದರು. "ಪ್ರತಿ ಕೋಶದೊಳಗೂ ಬಲು ಉದ್ದದ ಬರಹ ಇದೆ. ಕೆಲವು ಮಕ್ಕಳಿಗೆ ಅದರಲ್ಲಿ ಒಂದೇ ಅಕ್ಷರ ತಪ್ಪಿರುತ್ತೆ, ಅಷ್ಟಕ್ಕೇ ರಕ್ತ ಕೆಡುತ್ತೆ. ಸರಿಯಾಗಿ ಆ ಜಾಗದಲ್ಲೇ ಕತ್ತರಿಸಿದರೆ ಅಕ್ಷರ ತಿದ್ದಬಹುದು. ಕತ್ತರಿಸೋಕೆ ನಾನೊಂದು ಕಿಣ್ವ ಕಟ್ಟುತ್ತಾ ಇದ್ದೀನಿ. ಅದು ಎರಡು ಅರ್ಧ. ಒಂದು ಎಡಗಡೆಯಿಂದ ವಿಳಾಸ ಓದಿಕೊಂಡು ಬರುತ್ತೆ, ಇನ್ನೊಂದು ಬಲಗಡೆಯಿಂದ. ಎರಡೂ ಕೂಡಿದರೆ ಮಾತ್ರ ಕತ್ತರಿ."

"ಬೇರೆ ಕಡೆ ಕೂಡಿದರೆ?"

"ಅಲ್ಲೂ ಕತ್ತರಿಸುತ್ತೆ. ಕೋಶ ಸಾಯುತ್ತೆ. ಅದೇ ನನ್ನ ತಲೆನೋವು."

ಆ ತಲೆನೋವು ನನ್ನದೂ ಆಯಿತು. ಕಿಣ್ವ ಹಾಕಿದ ತಟ್ಟೆಗಳಿಗೆ ಮೇಡಂ ಕೆಂಪು ಚುಕ್ಕೆ ಇಡುತ್ತಿದ್ದರು, ಹಾಕದವಕ್ಕೆ ಕಪ್ಪು. ಅವನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನಲ್ಲಿ ಜೋಡಿಸುವುದು, ತೆಗೆದುಕೊಡುವುದು ನನ್ನ ಕೆಲಸ. ಹಳೇ ಪೆಟ್ಟಿಗೆ ಅದು, ಬಾಗಿಲ ರಬ್ಬರು ಸಡಿಲ. ಬಾಗಿಲ ಪಕ್ಕದಲ್ಲಿಟ್ಟ ತಟ್ಟೆ ಬೇಗ ಒಣಗುತ್ತದೆ, ಅದರಲ್ಲಿನ ಕೋಶಗಳು ಸಾಯುತ್ತವೆ, ಹಿಂದಿನ ಮೂಲೆಯಲ್ಲಿಟ್ಟದ್ದು ಸುಖವಾಗಿರುತ್ತದೆ. ಒಳಗಿನ ತೇವಕ್ಕೆಂದು ದಿನಾ ನೀರು ತುಂಬುವ ನನಗಲ್ಲದೆ ಬೇರೆ ಯಾರಿಗೂ ಇದು ಗೊತ್ತಿರಲಿಲ್ಲ. ಕೆಂಪಿನವು ಮೇಡಂ ಕಷ್ಟಪಟ್ಟು ಮಾಡಿದವು. ಕಪ್ಪಿನವು ಸುಮ್ಮನೆ ಉಳಿದವು ಎಂದೇ ನನ್ನ ತಿಳಿವಳಿಕೆ. ಹಾಗಾಗಿ ಕೆಂಪನ್ನು ಹಿಂದೆ ಇಟ್ಟೆ, ಕಪ್ಪನ್ನು ಬಾಗಿಲಿಗೆ. ಎಂಟು ತಿಂಗಳು.

ಫಲಿತಾಂಶ ಚೆನ್ನಾಗಿ ಬಂತು. ೨೦೦೬ರ ಬೇಸಗೆ. ಮೂರು ವರ್ಷದ ಯೋಜನೆ ಮುಗಿಯುವುದರಲ್ಲಿತ್ತು. ಮುಂದುವರಿಸುವುದೋ ಮುಚ್ಚುವುದೋ ಎಂದು ನಿರ್ಧರಿಸಲು ಸಮಿತಿಯವರು ಸೋಮವಾರ ಬರುವವರಿದ್ದರು. ಶನಿವಾರ ಮೇಡಂ ಖುಷಿಯಲ್ಲಿ ನನ್ನನ್ನು ಕರೆದು ತೋರಿಸಿದರು. "ನೋಡಿ, ಕೆಂಪಿನಲ್ಲಿ ಸತ್ತದ್ದೂ ಕಪ್ಪಿನಲ್ಲಿ ಸತ್ತದ್ದೂ ಒಂದೇ ಲೆಕ್ಕ. ಅಂದರೆ ನನ್ನ ಕಿಣ್ವ ಕಂಡಕಂಡಲ್ಲಿ ಕತ್ತರಿಸುತ್ತಿಲ್ಲ. ಈ ಕಪ್ಪು ಇಲ್ಲದಿದ್ದರೆ ಹೇಗೆ ಹೇಳ್ತಿದ್ದೆ?"

ಕಪ್ಪು ಯಾತಕ್ಕೆಂದು ನನಗೆ ಆಗ ಅರ್ಥವಾಯಿತು. ಕಪ್ಪಿನವು ಸತ್ತದ್ದು ಬಾಗಿಲ ಪಕ್ಕ ಒಣಗಿ, ಅಲ್ಲಿಟ್ಟವನು ನಾನು.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. "ಎಂತ ಮಾರಾಯ್ರೆ, ತಲೆ ಸಮ ಇದೆಯಾ ನಿಮ್ಮದು?" ಎಂದಳು. "ಅವರಿಗೇ ಗೊತ್ತಾಗದ್ದನ್ನು ನೀವೇ ಹೋಗಿ ಹೇಳುವುದಾ? ಅವರಿಗೂ ಕೆಡುಕು, ನಮಗೂ ಕೆಡುಕು. ಸುಮ್ಮನಿರಿ." ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಕೊಳೆ ಲೋಟವನ್ನು ತೊಳೆದ ಲೋಟಗಳ ಸಾಲಿಗೆ ಸೇರಿಸಿಟ್ಟವನಲ್ಲ ನಾನು.

ಭಾನುವಾರ ಬೆಳಿಗ್ಗೆ ಮೇಡಂ ಲ್ಯಾಬಿನಲ್ಲೇ ಇದ್ದರು. ಇನ್‌ಕ್ಯುಬೇಟರ್ ಬಾಗಿಲು ತೆಗೆದು, ಕಪ್ಪು ಎಲ್ಲಿ, ಕೆಂಪು ಎಲ್ಲಿ ಎಂದು ತೋರಿಸಿದೆ. ಅವರಿಗೆ ಹೆಚ್ಚು ಹೇಳಬೇಕಾಗಲಿಲ್ಲ.

"ಯಾವಾಗಿನಿಂದ?"

"ಶುರುವಿನಿಂದ."

"ಯಾಕೆ?"

"ನಿಮ್ಮವು ಸಾಯಬಾರದು ಅಂತ."

ಸ್ಟೂಲಿನ ಮೇಲೆ ಕೂತುಬಿಟ್ಟರು. "ಎಲ್ಲವೂ ನನ್ನವೇ ಕಣೋ," ಎಂದರು. "ಸಾಯೋವೂ ನನ್ನವೇ." ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ.

ಸೋಮವಾರ ಮೇಡಂ ಸಮಿತಿಯ ಮುಂದೆ, ಈ ಅಂಕಿಗಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ತಟ್ಟೆ ಇಡುವ ಕ್ರಮ ನಾನೇ ನೋಡಿಕೊಳ್ಳಬೇಕಿತ್ತು ಎಂದರಂತೆ. ಮೂರು ವರ್ಷ ಕೇಳಿದ್ದಕ್ಕೆ ಒಂದೇ ವರ್ಷ ಸಿಕ್ಕಿತು. ಅವರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಆ ಅಟೆಂಡರನ್ನು ಇನ್ನೂ ಇಟ್ಟುಕೊಂಡಿದ್ದೀರಾ ಎಂದು ಒಬ್ಬ ಹಿರಿಯರು ನನ್ನೆದುರೇ ಕೇಳಿದರು. "ಇವರನ್ನು ಕಳಿಸಿದರೆ ಮುಂದಿನ ಸಲ ನನ್ನ ತಪ್ಪು ನನಗೆ ಹೇಳೋರು ಯಾರು?" ಎಂದರು ಮೇಡಂ.

ಸಮಿತಿ ಬಂದುಹೋದ ಮರುದಿನವೇ ಮೇಡಂ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಚುಕ್ಕೆ ಬೇಡ, ಇನ್ನು ಮೇಲೆ ತಟ್ಟೆಗಳಿಗೆ ನಾನು ಹಾಕುವ ಬರೀ ಸಂಖ್ಯೆ. ಯಾವ ಸಂಖ್ಯೆ ಕಿಣ್ವದ್ದು ಎಂಬುದು ನನಗೆ ಮಾತ್ರ ಗೊತ್ತಿರಬೇಕು. ಪೆಟ್ಟಿಗೆಯಲ್ಲಿ ಯಾವ ತಟ್ಟೆಗೆ ಯಾವ ಜಾಗ ಎಂಬುದು ಚೀಟಿ ಎತ್ತಿ ತೀರ್ಮಾನ. "ಎಣಿಸಿ ಮುಗಿಸೋವರೆಗೆ ನನಗೂ ಹೇಳಬೇಡಿ. ಕಾಲಿಗೆ ಬಿದ್ದರೂ ಹೇಳಬೇಡಿ."

ಕಾಲಿಗೆ ಬೀಳಲಿಲ್ಲ, ಆದರೆ ಒಂದು ಸಲ ಕೇಳಿದರು. ಕಣ್ಣು ಕೆಂಪಾಗಿತ್ತು, ಸೂಕ್ಷ್ಮದರ್ಶಕದಿಂದ ತಲೆ ಎತ್ತದೆಯೇ, "ಹದಿನೇಳನೇದು ಕಿಣ್ವದ್ದು ತಾನೇ?" ಎಂದರು.

"ಶುಕ್ರವಾರ ಹೇಳುತ್ತೇನೆ ಮೇಡಂ."

"ಅಚ್ಛಾ! ದೊಡ್ಡ ಜಡ್ಜ್ ಸಾಹೇಬರು!"

ಶುಕ್ರವಾರ ಪುಸ್ತಕ ಬಿಚ್ಚಿದಾಗ ನಿಜ ಹೊರಬಿತ್ತು. ಕಿಣ್ವ ಹಾಕಿದವುಗಳಲ್ಲಿ ಸುಮಾರು ಅರ್ಧದಷ್ಟು ಕೋಶ ಸತ್ತಿದ್ದವು, ಹಾಕದವುಗಳಲ್ಲಿ ತೀರಾ ಕಡಿಮೆ. ಒಂದೇ ಬಗೆಯ ಎರಡು ಅರ್ಧಗಳು ತಮ್ಮತಮ್ಮಲ್ಲೇ ಕೂಡಿಕೊಂಡು ಬೇಡದ ಕಡೆ ಕತ್ತರಿಸುತ್ತಿದ್ದವು. ಎಡದ್ದು ಬಲದ್ದರ ಜೊತೆ ಮಾತ್ರ ಕೂಡುವ ಹಾಗೆ ಅವನ್ನು ಬದಲಿಸಲು ಮೇಡಂ ಕೂತರು. ದುಡ್ಡು ಮುಗಿದ ಮೇಲೂ ಅಲ್ಲಿ ಇಲ್ಲಿ ಬೇಡಿ ಮುಂದುವರಿಸಿದರು.

೨೦೦೮ರಲ್ಲಿ ಒಂದು ದಿನ ಇಪ್ಪತ್ತನಾಲ್ಕು ತಟ್ಟೆಗಳನ್ನು ಒಂದೊಂದಾಗಿ ನೋಡಿದರು. ಮತ್ತೆ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಯಾವುದು ಯಾವುದು ಅಂತ ಗೊತ್ತೇ ಆಗ್ತಿಲ್ಲ ಕಣ್ರೀ" ಎಂದರು. ಅಳುವ ಹಾಗಿತ್ತು ಮುಖ. ಪುಸ್ತಕ ತೆರೆದೆ. ಹನ್ನೆರಡು ಕಿಣ್ವದ್ದು, ಹನ್ನೆರಡು ಬರಿಯದು. ಬದುಕಿದ ಲೆಕ್ಕ ಎರಡರಲ್ಲೂ ಸಮ. ಕತ್ತರಿಸಬೇಕಾದ ಜಾಗದಲ್ಲಿ ಕತ್ತರಿ ಬಿದ್ದಿದೆ ಎಂಬುದು ಮುಂದಿನ ವಾರದ ಪರೀಕ್ಷೆಯಲ್ಲಿ ಖಚಿತವಾಯಿತು. ಎರಡು ವರ್ಷದ ಹಿಂದೆ ಬಂದಿದ್ದೂ ಇದೇ ಉತ್ತರ. ಈ ಸಲ ಅದನ್ನು ನಂಬಬಹುದಿತ್ತು.

ಆ ಕಿಣ್ವ ಔಷಧಿಯಾಗುವುದನ್ನು ಮೇಡಂ ನೋಡಲಿಲ್ಲ. ನಿವೃತ್ತಿಯಾಗಿ ಮೈಸೂರಿಗೆ ಹೋದ ಎರಡನೇ ವರ್ಷ ತೀರಿಕೊಂಡರು. ಸುದ್ದಿ ಬಂದಾಗ ನಾನು ತಟ್ಟೆ ಜೋಡಿಸುತ್ತಿದ್ದೆ. ಅರ್ಧಕ್ಕೆ ಬಿಡುವ ಹಾಗಿರಲಿಲ್ಲ, ಮುಗಿಸಿಯೇ ಹೊರಗೆ ಬಂದೆ.

ಈಗ ನನಗೆ ದೆಹಲಿಯ ಮಯೂರ್ ವಿಹಾರ್‌ನಲ್ಲಿ ಎರಡು ಕೋಣೆಯ ಮನೆ ಇದೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸುಪರ್ದಿಯಲ್ಲಿ ಆರು ಇನ್‌ಕ್ಯುಬೇಟರ್‌ಗಳು. ತಮ್ಮ ತಟ್ಟೆಗಳಿಗೆ ಸಂಖ್ಯೆ ಹಾಕಿಸಿಕೊಳ್ಳಲು ನನ್ನ ಹತ್ತಿರ ಬರುವ ಪ್ರೊಫೆಸರುಗಳು ನಾಲ್ವರು.