ಬಾವಿಗಿಳಿಸಿದ ಕುಕ್ಕರ್

ನೀರಿನೊಳಗೆ ಇಳಿಸುವ ಕ್ಯಾಮೆರಾಗಳಿಗೆ ಕವಚಗಳು ಅಂಗಡಿಯಲ್ಲೇ ಸಿಗುತ್ತವೆ. ನನ್ನ ಹಳೆಯ ಕ್ಯಾಮೆರಾಗೆ ಹೊಂದುವಂಥದ್ದು ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಅಟ್ಟದ ಮೇಲಿದ್ದ ಐದು ಲೀಟರಿನ ಪ್ರೆಶರ್ ಕುಕ್ಕರನ್ನು ಇಳಿಸಿದೆ. ದಪ್ಪನೆಯ ಅಕ್ರಿಲಿಕ್ ಹಾಳೆಯನ್ನು ದುಂಡಗೆ ಕತ್ತರಿಸಿ ತಂದು, ಮುಚ್ಚಳದ ಬದಲು ಅದನ್ನು ಗ್ಯಾಸ್ಕೆಟ್ಟಿನ ಮೇಲೆ ಕೂರಿಸಿ, ಸುತ್ತ ಆರು ಕ್ಲಾಂಪ್ ಬಿಗಿದೆ. ಕ್ಯಾಮೆರಾ ಒಳಗೆ ಕೂತು ಅಕ್ರಿಲಿಕ್ಕಿನ ಮೂಲಕ ಹೊರಗೆ ನೋಡಬೇಕು. ಚಾಮರಾಜಪೇಟೆಯ ನಮ್ಮ ಹಿತ್ತಲ ಬಾವಿಯ ಒಳಗೇನಿದೆ ಎಂದು ನನಗೆ ಕಾಣಬೇಕಿತ್ತು, ಅದೂ ಸೋಮವಾರದೊಳಗೆ. ಮನೆಯನ್ನು ಹೊಸದಾಗಿ ಕಟ್ಟಿಸುವವರಿದ್ದೆವು. ಸೋಮವಾರ ಬಾವಿ ಮುಚ್ಚಲು ಮಣ್ಣಿನ ಲಾರಿ ಬರುವುದಿತ್ತು.

"ಮುಚ್ಚೋಕ್ ಮುಂಚೆ ನೆನಪಿಗೆ ಒಂದು ವಿಡಿಯೋ ಅಮ್ಮ" ಎಂದಿದ್ದೆ. ಅದು ಸುಳ್ಳು.

ನನಗೆ ಎಂಟು ವರ್ಷವಿದ್ದಾಗ ಅಮ್ಮ ಒಂದು ದಿನ ಬಾವಿಕಟ್ಟೆಯ ಮೇಲೆ ದೇವರ ಪಾತ್ರೆ ತೊಳೆಯುತ್ತಿದ್ದಳು. ಅಜ್ಜಿಯ ಬೆಳ್ಳಿ ಚೊಂಬು, ಕಂಠದ ಹತ್ತಿರ ನಗ್ಗಿದ್ದದ್ದು, ಕೈಜಾರಿ ಬಾವಿಗೆ ಬಿತ್ತು ಎಂದಳು. ಅಜ್ಜಿ ಎಂದರೆ ಅಪ್ಪನ ತಾಯಿ. ಮನೆಯಲ್ಲಿ ಅವರ ಮಾತೇ ಕೊನೆ. ಬಾವಿಗೆ ಬಿದ್ದ ಕೊಡ ಎತ್ತಲು ಇಟ್ಟುಕೊಂಡಿದ್ದ ಪಾತಾಳಗರಡಿಯನ್ನು, ಆ ಕೊಕ್ಕೆಗಳ ಗೊಂಚಲನ್ನು, ಮೂರು ದಿನ ತಳದಲ್ಲೆಲ್ಲ ಆಡಿಸಿದರು. ಏನೂ ಸಿಗಲಿಲ್ಲ. ಅದೇ ತಿಂಗಳು ಓಕಳಿಪುರದಲ್ಲಿ ಅಮ್ಮನ ತವರಿನವರು ಮನೆಯ ಮೇಲೆ ಮಹಡಿ ಎಬ್ಬಿಸುತ್ತಿದ್ದರು. ಅಜ್ಜಿ ಅದಕ್ಕೂ ಇದಕ್ಕೂ ಗಂಟು ಹಾಕಿದರು. ಆಮೇಲೆ ನನ್ನನ್ನು ಕರೆದು ಕೇಳಿದರು:

"ನೀನು ಅಲ್ಲೇ ಕೂತಿದ್ಯಲ್ಲೋ. ನೀರಿಗೆ ಬಿದ್ದ ಸದ್ದು ಕೇಳಿಸ್ತಾ?"

"ಇಲ್ಲ ಅಜ್ಜಿ" ಎಂದೆ.

ಕೇಳಿಸಿರಲಿಲ್ಲ, ಅದು ನಿಜ. ಗೋಲಿ ಆಟದಲ್ಲಿ ಮೈಮರೆತಿದ್ದೆ. ಅಮ್ಮ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. ಅಜ್ಜಿ ಸಾಯುವವರೆಗೂ ಅವಳಿಗೆ ದೇವರ ಪಾತ್ರೆ ಮುಟ್ಟಗೊಡಲಿಲ್ಲ. ತವರಿಗೆ ಹೊರಟಾಗಲೆಲ್ಲ ಅಮ್ಮ ತಾನಾಗಿಯೇ ಬಾಗಿಲಲ್ಲಿ ಚೀಲ ಬಿಚ್ಚಿ ತೋರಿಸಿ ಹೋಗುತ್ತಿದ್ದಳು. ಅಪ್ಪ ಸರಿಯಾಗಿ ಆ ಹೊತ್ತಿಗೇ ಪೇಪರು ಬಿಡಿಸುತ್ತಿದ್ದರು. ನಾನು ಇದನ್ನೆಲ್ಲ ನೋಡುತ್ತಲೇ ದೊಡ್ಡವನಾದೆ.

ಮೋಟರ್ ಇಟ್ಟು ಬಾವಿ ಬರಿದು ಮಾಡಿಸಬಹುದಿತ್ತು, ಅರ್ಧ ದಿನದ ಕೆಲಸ. ಆದರೆ ಬೀದಿಯವರೆಲ್ಲ ಬಂದು ಇಣುಕುತ್ತಾರೆ. ಏನೂ ಸಿಗದೇ ಹೋದರೆ? ಆ ಸಂಗತಿ ನನಗೊಬ್ಬನಿಗೇ ಗೊತ್ತಾಗಲಿ ಎಂದೇ ಈ ಕುಕ್ಕರಿನ ಸಾಹಸ.

ಒಳಗೆ ಪೇಪರಿನ ತುಂಡು ಹಾಕಿ ಬಚ್ಚಲಮನೆಯ ಡ್ರಮ್ಮಿನಲ್ಲಿ ಮುಳುಗಿಸಿ ನೋಡಿದೆ. ಪೇಪರು ಒದ್ದೆಯಾಯಿತು. ಕ್ಲಾಂಪ್ ಇನ್ನಷ್ಟು ಬಿಗಿದೆ. ಮತ್ತೆ ಒದ್ದೆ. ತಲೆ ಕೆಟ್ಟುಹೋಯಿತು. ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಗ್ಯಾಸ್ಕೆಟ್ ಹಳೇದು ಕಣೋ, ಹಿಗ್ಗಿಹೋಗಿದೆ. ಎಷ್ಟ್ ಬಿಗಿದ್ರೂ ಅಷ್ಟೇ. ಹೊಸದು ತಂದ್ಹಾಕು."

ಹೊಸದು ಹಾಕಿದ ಮೇಲೆ ಪೇಪರು ಗರಿಗರಿಯಾಗಿಯೇ ಹೊರಬಂತು. ಈಗ ಕುಕ್ಕರ್ ಮುಳುಗಲೊಲ್ಲದು, ಬೆಂಡಿನ ಹಾಗೆ ತೇಲಿತು. ಹಳೆಯ ತಕ್ಕಡಿಯ ಐದು ಕೇಜಿ ತೂಕದ ಕಲ್ಲನ್ನು ಹುಡುಕಿ ತಂದುಕೊಟ್ಟವಳೂ ಅಮ್ಮನೇ. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ, ಬಿಸಿಲು ನೆಟ್ಟಗೆ ಬಾವಿಯೊಳಗೆ ಬೀಳುವ ಹೊತ್ತಿನಲ್ಲಿ, ಪಾತಾಳಗರಡಿಯ ಹಗ್ಗಕ್ಕೇ ಕುಕ್ಕರನ್ನು ಬೋರಲಾಗಿ ಕಟ್ಟಿ, ಪಕ್ಕದಲ್ಲೊಂದು ವಾಟರ್‌ಪ್ರೂಫ್ ಟಾರ್ಚ್ ಸಿಕ್ಕಿಸಿ ಇಳಿಸಿದೆ. ನಿಧಾನವಾಗಿ ಒಂದು ಸುತ್ತು ತಿರುಗಿಸಿ ಎಳೆದುಕೊಂಡೆ. ಕ್ಯಾಮೆರಾ ಒಣಗಿಯೇ ಇತ್ತು. ಕಟ್ಟೆಯ ಮೇಲೆ ಕೂತು ಅದರ ಪುಟ್ಟ ಪರದೆಯಲ್ಲಿ ವಿಡಿಯೋ ಹಾಕಿದೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು.

ಹಸಿರು ನೀರು, ಪಾಚಿ ಹಿಡಿದ ಗೋಡೆ. ತಳಕ್ಕಿಂತ ಎಷ್ಟೋ ಮೇಲೆ ಗೋಡೆಯಿಂದ ಒಂದು ಕಲ್ಲು ಹೊರಚಾಚಿತ್ತು. ಆ ಕಲ್ಲಿಗೂ ಗೋಡೆಗೂ ನಡುವೆ ದುಂಡಗಿನದೇನೋ ಕಪ್ಪಗೆ ಸಿಕ್ಕಿಕೊಂಡಿತ್ತು. ಕಂಠದ ಹತ್ತಿರದ ನಗ್ಗು ಕಾಣುತ್ತಿತ್ತು. ಅಜ್ಜಿಯ ಕೊಕ್ಕೆಗಳು ಹುಡುಕಿದ್ದು ತಳದಲ್ಲಿ.

ಅಮ್ಮ ಮತ್ತೆ ಹಾಕು ಎಂದಳು. ಮೂರು ಸಲ ನೋಡಿದಳು. ನನಗೆ ಸಂತೋಷವಾಯಿತು ಎಂದರೆ ಸುಳ್ಳಾದೀತು. ನಾಚಿಕೆಯಾಯಿತು.

"ಮೋಟರ್ ಇಡಿಸ್ಬೋದಿತ್ತು, ನೀನು ಇಡಿಸ್ಲಿಲ್ಲ" ಎಂದಳು. "ನಿನಗೂ ಅನುಮಾನ ಇತ್ತು."

"ಇತ್ತಮ್ಮ."

"ನಿಮ್ಮಜ್ಜಿ ನಂಬ್ಲಿಲ್ಲ ಅಂತ ನಾನು ಅಷ್ಟೊಂದು ನೊಂದ್ಕೊಳ್ಲಿಲ್ಲ ಕಣೋ. ನೀನು ಅಲ್ಲೇ ಕೂತಿದ್ದೆ."

ಜಾಗ ಗೊತ್ತಾಯಿತಲ್ಲ, ಕೊಕ್ಕೆ ಬಿಟ್ಟು ಎತ್ತುತ್ತೇನೆ ಎಂದೆ.

"ಬೇಡ. ನಿನಗೆ ಕಾಣಿಸ್ತಲ್ಲ, ಸಾಕು."

ಸೋಮವಾರ ಲಾರಿ ಬಂತು. ನಾನು ಹಿತ್ತಲಲ್ಲಿ ನಿಂತಿದ್ದೆ, ಅಮ್ಮ ಅಡುಗೆಮನೆಯಲ್ಲಿದ್ದಳು. ಮೊದಲ ಬಾಣಲಿ ಮಣ್ಣು ದುಡುಮ್ಮನೆ ನೀರಿಗೆ ಬಿತ್ತು. ಅಮ್ಮ ಒಳಗಿನಿಂದಲೇ ಕೇಳಿದಳು:

"ಕೇಳಿಸ್ತಾ?"

"ಕೇಳಿಸ್ತಮ್ಮ" ಎಂದೆ.