ದಯವಿಟ್ಟು ಲೈನಿನಲ್ಲಿರಿ, ವಿರೂಪಾಕ್ಷಪ್ಪ ನುಡಿಸುತ್ತಿದ್ದಾರೆ

ನಮ್ಮ ಮನೆಯ ವಾಷಿಂಗ್ ಮಷಿನ್ ಕೆಟ್ಟಿದ್ದರಿಂದ ಬೆಂಗಳೂರಿಗೆ ಒಬ್ಬ ಜಾಝ್ ಕಲಾವಿದರು ವಾಪಸ್ ಸಿಕ್ಕರು. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗಿ.

ಬ್ರೂಕ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. (ಸುತ್ತಲೂ ಪ್ರಪಂಚಕ್ಕೆಲ್ಲ ಸಾಫ್ಟ್‌ವೇರ್ ಬರೆದುಕೊಡುವ ಕಂಪನಿಗಳು. ನಮಗೆ ಮಾತ್ರ ಎರಡು ಕಡ್ಡಿ ಸಿಗ್ನಲ್‌ಗೂ ಗತಿಯಿಲ್ಲ.) ಹಾಗಾಗಿ ಮುಖ್ಯವಾದ ಫೋನ್ ಮಾಡಬೇಕೆಂದರೆ ಎದುರು ಮನೆಯ ವಿರೂಪಾಕ್ಷಪ್ಪನವರ ಡೈನಿಂಗ್ ಟೇಬಲ್ಲೇ ಗತಿ. ದಾವಣಗೆರೆ ಕಡೆಯವರು. ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದು ರಿಟೈರ್ ಆದವರು. ಬೆಳಿಗ್ಗೆ ಸ್ನಾನ, ಪೂಜೆ, ಹಣೆ ತುಂಬ ವಿಭೂತಿ, ಆಮೇಲೆ ಪೇಪರ್. ಅವರ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ.

ಆ ದಿನ ಮಷಿನ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿ, ಸ್ಪೀಕರ್ ಆನ್ ಮಾಡಿ ಟೇಬಲ್ ಮೇಲಿಟ್ಟೆ. ವಿರೂಪಾಕ್ಷಪ್ಪ ಮತ್ತು ಅವರ ಹೆಂಡತಿ ಗಿರಿಜಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಕೈ ಹಾಕಿದೆ. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. (ಕನ್ನಡಕ್ಕೆ ಏನು ಒತ್ತಬೇಕೋ ಹೇಳಲೇ ಇಲ್ಲ.) ಕೊನೆಗೆ ಹೋಲ್ಡ್‌ಗೆ ಹಾಕಿದರು. ಸಂಗೀತ ಶುರುವಾಯಿತು. ನಿಮಗೂ ಗೊತ್ತಲ್ಲ ಆ ಸಂಗೀತ? ಯಾರೋ ಸ್ಯಾಕ್ಸೋಫೋನ್ ಊದುತ್ತಿರುತ್ತಾರೆ, ನಾವು ಹಲ್ಲು ಕಡಿಯುತ್ತಿರುತ್ತೇವೆ.

ವಿರೂಪಾಕ್ಷಪ್ಪನವರ ಕೈ ನಿಂತಿತು.

"ಇದು ನಾನು," ಅಂದರು.

"ಏನ್ ಸಾರ್?"

"ಈ ಊದ್ತಿರೋದು. ಇದು ನಾನ್ರೀ."

ವಯಸ್ಸಾಯಿತು, ಪಾಪ ಅಂದುಕೊಂಡು ಗಿರಿಜಮ್ಮನ ಮುಖ ನೋಡಿದೆ. ಅವರು ತಲೆ ಎತ್ತದೆ ಕಾಯಿ ಸುಲಿಯುತ್ತಲೇ ಹೇಳಿದರು: "ಹೌದವಾ, ಇವರದೇ. ಮದುವಿ ಆದ ಹೊಸದರಾಗ ದಿನಾ ಇದನ್ನ ಕೇಳಿ ಕೇಳಿ ನನಗೊಬ್ಬಾಕಿಗೆ ತಲಿ ನೋಯ್ತಿತ್ತು. ಈಗ ಊರಿಗೆಲ್ಲ ನೋಯ್ಸಾಕತ್ತಾರ."

ಅವರೆಕಾಯಿ ಸುಲಿದು ಮುಗಿಯುವಷ್ಟರಲ್ಲಿ ಕಥೆಯೆಲ್ಲ ಹೊರಬಂತು. ಹುಡುಗನಾಗಿದ್ದಾಗ ಊರಿನ ಮದುವೆ ಬ್ಯಾಂಡ್‌ನಲ್ಲಿ ಕ್ಲಾರಿನೆಟ್. ಪೀಣ್ಯದಲ್ಲಿ ಕೆಲಸ ಸಿಕ್ಕ ಮೇಲೆ ಕಂಟೋನ್‌ಮೆಂಟಿನ ಒಬ್ಬ ಹಿರಿಯರ ಬಳಿ ಸ್ಯಾಕ್ಸೋಫೋನ್ ಪಾಠ. ಫಸ್ಟ್ ಶಿಫ್ಟ್ ಇದ್ದ ವಾರ ಹಗಲು ಸ್ಪ್ರಿಂಗ್, ಸಂಜೆ ಎಂ.ಜಿ. ರಸ್ತೆಯ ರೆಸ್ಟೋರೆಂಟಿನಲ್ಲಿ ಜಾಝ್. ನಾಲ್ಕು ಜನರ ಗುಂಪು. ಕುಡಿಯುವವರ ನಡುವೆ ವಿಭೂತಿ ಒರೆಸಿಕೊಂಡು ನುಡಿಸುವ ಈ ಮನುಷ್ಯ ಬ್ರೇಕ್‌ನಲ್ಲಿ ಡಬ್ಬಿ ತೆಗೆದು ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದರಂತೆ. ಒಂದೇ ಒಂದು ಕ್ಯಾಸೆಟ್ ಮಾಡಿದರು. ಅದರಲ್ಲಿ ಇವರೇ ಕಟ್ಟಿದ ಒಂದು ಟ್ಯೂನ್. ಹೆಸರು 'ಪೀಣ್ಯ ಸೆಕೆಂಡ್ ಶಿಫ್ಟ್'. ಆಮೇಲೆ ರೆಸ್ಟೋರೆಂಟಿನವರು ಬ್ಯಾಂಡ್ ತೆಗೆದು ಟಿವಿ ಹಾಕಿದರು. ಕ್ಯಾಸೆಟ್ ಕಂಪನಿ ಮುಚ್ಚಿತು. ಅದರ ಸರಕು ಕೈಯಿಂದ ಕೈಗೆ ದಾಟಿ, ಕೊನೆಗೆ ಯಾವ ಪುಣ್ಯಾತ್ಮನ ಮೂಲಕವೋ ಕಸ್ಟಮರ್ ಕೇರ್ ಸೇರಿದೆ. ಮನೆಯಲ್ಲಿದ್ದ ಒಂದೇ ಪ್ರತಿಯ ಟೇಪನ್ನು ಪ್ಲೇಯರ್ ನುಂಗಿಹಾಕಿ ಎಷ್ಟೋ ವರ್ಷವಾಗಿದೆ.

"ತಡೀರಿ, ತಡೀರಿ," ಎಂದು ಬೆರಳು ಎತ್ತಿದರು. "ಈಗ ನನ್ನ ಸೋಲೋ ಬರ್ತತಿ."

ಟ್ಯೂನ್ ಒಂದು ಕಡೆ ಏರಿ ನಿಂತಿತು. ಮೂವರೂ ಉಸಿರು ಹಿಡಿದೆವು. "ನಿಮ್ಮ ಕರೆ ನಮಗೆ ಬಹಳ ಮುಖ್ಯ" ಎಂದು ಒಬ್ಬಾಕೆ ಇಂಗ್ಲಿಷಿನಲ್ಲಿ ಹೇಳಿದಳು. ಟ್ಯೂನ್ ಮತ್ತೆ ಮೊದಲಿನಿಂದ ಶುರುವಾಯಿತು.

ಜಾಝ್‌ನಲ್ಲಿ ಮೊದಲು ಎಲ್ಲರೂ ಸೇರಿ ಟ್ಯೂನ್ ನುಡಿಸುತ್ತಾರಂತೆ. ಅದು ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಆ ಕ್ಷಣ ತಮಗೆ ತೋಚಿದ್ದನ್ನು ನುಡಿಸಬೇಕು. ಅದು ಸೋಲೋ. "ಮೊದಲಿಂದು ಬರೇ ನಮಸ್ಕಾರ ಹೇಳಿದಂಗ್ರೀ," ಎಂದರು ವಿರೂಪಾಕ್ಷಪ್ಪ. "ಮಾತು ಆಮ್ಯಾಲೆ ಐತಿ." ಇವರು ನಮಸ್ಕಾರ ಹೇಳುವುದನ್ನು ಊರೆಲ್ಲ ಕೇಳಿದೆ. ಮಾತಾಡಲು ಬಾಯಿ ತೆರೆದ ಕೂಡಲೇ ಆಕೆ ಬಂದುಬಿಡುತ್ತಾಳೆ.

ಕೊನೆಗೂ ಒಬ್ಬ ಹುಡುಗ ಲೈನಿಗೆ ಬಂದ. ನಾನು ಬಾಯಿ ತೆರೆಯುವಷ್ಟರಲ್ಲಿ ವಿರೂಪಾಕ್ಷಪ್ಪ, "ಕಟ್ ಮಾಡ್ರಿ, ಇನ್ನೊಂದ್ ಸಲ ಹಚ್ರಿ" ಅಂದರು. ನಾನು ಕಟ್ ಮಾಡಿದೆ! (ಬಕೆಟ್ಟಿನಲ್ಲಿ ಬಟ್ಟೆ ಕುಕ್ಕುತ್ತಿದ್ದ ನನ್ನ ಗಂಡನಿಗೆ ಇದು ಗೊತ್ತಾದ ಮೇಲೆ ನಮ್ಮ ನಡುವೆ ಮಾತು ಸ್ವಲ್ಪ ಕಡಿಮೆಯಾಗಿದೆ.)

ಅಂದಿನಿಂದ ಅವರಿಗೆ ಅದೇ ಗೀಳು. ತಾವೇ ಫೋನ್ ಮಾಡಿ ಕೂರತೊಡಗಿದರು. ಯಾವತ್ತಾದರೂ ಒಂದು ದಿನ ಮರೆತು ಮುಂದಕ್ಕೂ ಬಿಟ್ಟಾರು ಎಂಬ ಆಸೆ. ತಮ್ಮದೇ ಸೋಲೋ ಹೇಗಿತ್ತು ಎಂಬುದು ಅವರಿಗೇ ನೆನಪಿಲ್ಲ. ಒಂದು ಸಲ ಕೇಳಿಬಿಟ್ಟರೆ ಸಾಕಾಗಿತ್ತು. ಒಮ್ಮೆ ಯಾರೋ ಹುಡುಗಿ ಮೊದಲನೇ ರಿಂಗಿಗೇ ಎತ್ತಿದ್ದಾಳೆ. ಇವರಿಗೆ ಕೋಪ ಬಂದಿದೆ.

"ಯಾಕವಾ ಇಷ್ಟು ಲಗೂ ಎತ್ತಿದಿ? ಹೋಲ್ಡ್‌ಗೆ ಹಾಕು."

"ಸಾರ್? ನಿಮ್ಮ ಪ್ರಾಬ್ಲಂ ಏನು ಸಾರ್?"

"ನೀ ಎತ್ತಿದ್ದೇ ಪ್ರಾಬ್ಲಮ್ಮು."

ಈ ಕಥೆಯನ್ನು ನಾನು ಲಿಫ್ಟಿನಲ್ಲಿ ಮೇಲಿನ ಮನೆಯ ಶ್ರುತಿಗೆ ಹೇಳಿದೆ. ಅವಳು ಲಿಫ್ಟ್‌ನಿಂದ ಇಳಿಯುವುದನ್ನೇ ಮರೆತಳು. ಏಕೆಂದರೆ ಆ ಕಂಪನಿಯ ಕರೆಗಳನ್ನು ಎತ್ತುವುದೇ ವೈಟ್‌ಫೀಲ್ಡ್‌ನ ಅವಳ ಆಫೀಸು. ಶ್ರುತಿ ಅಲ್ಲಿ ಟೀಮ್ ಲೀಡರ್. ಸೀದಾ ವಿರೂಪಾಕ್ಷಪ್ಪನವರ ಮನೆಗೆ ಬಂದಳು.

"ಅಂಕಲ್, ಅದು ನೀವಾ? ಬೇರೆ ಟೀಮ್‌ಗೆ ಕಾಲ್ ಟ್ರಾನ್ಸ್‌ಫರ್ ಮಾಡ್ವಾಗ ನಾವೂ ಅದನ್ನೇ ಕೇಳ್ಬೇಕು. ಕನಸಲ್ಲೂ ಬರುತ್ತೆ ಅಂಕಲ್! ನಮ್ ಆಫೀಸಲ್ಲಿ ರಾಜ್ಯೋತ್ಸವ ಇದೆ. ಬಂದು ಲೈವ್ ಆಗಿ ಪ್ಲೇ ಮಾಡ್ತೀರಾ?"

ವಿರೂಪಾಕ್ಷಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಪೂರ್ತಿ ನುಡಿಸಾಕ ಬಿಡ್ತೀರೇನು?"

"ಅಯ್ಯೋ, ಖಂಡಿತ ಅಂಕಲ್."

ಅಟ್ಟದಿಂದ ಸ್ಯಾಕ್ಸೋಫೋನ್ ಇಳಿಯಿತು. ಆದರೆ ಅವರಿಗೆ ಮುಂದಿನ ಹಲ್ಲುಗಳಿರಲಿಲ್ಲ. ಹಲ್ಲಿಲ್ಲದೆ ಅದನ್ನು ಕಚ್ಚಿ ಹಿಡಿಯಲಾಗದು. ಇದ್ದ ಹಲ್ಲುಸೆಟ್ಟು ಜಾರುತ್ತಿತ್ತು. ಡೆಂಟಿಸ್ಟ್ ಬಳಿ ಹೋಗಿ ಬಿಗಿ ಮಾಡಿಸಿಕೊಂಡು ಬಂದರು. (ಚಕ್ಕುಲಿ ತಿನ್ನಬಹುದು ಎಂದು ಡೆಂಟಿಸ್ಟ್ ಭರವಸೆ ಕೊಟ್ಟರಂತೆ. ಇವರು, "ಚಕ್ಕುಲಿ ಯಾರಿಗೆ ಬೇಕಾಗೈತ್ರೀ?" ಎಂದರಂತೆ.) ಮನೆಯಲ್ಲಿ ಅಭ್ಯಾಸ ಮಾಡಿದರೆ ಅಸೋಸಿಯೇಷನ್‌ನವರು ಬಿಡುತ್ತಾರೆಯೇ? ಬೇಸ್‌ಮೆಂಟಿಗೆ ಹೋಗಿ, ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿಕೊಂಡು ಊದತೊಡಗಿದರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು: 'ಬೇಸ್‌ಮೆಂಟಿನಲ್ಲಿ ಯಾರದೋ ಕಾರಿನ ಹಾರ್ನ್ ಸಿಕ್ಕಿಹಾಕಿಕೊಂಡಿದೆ, ಓನರ್ ಪ್ಲೀಸ್ ಚೆಕ್.' ಇನ್ನೊಬ್ಬರು, ಯಾರೋ ಅಲ್ಲಿ ಕರು ಕಟ್ಟಿದ್ದಾರೆ ಎಂದು ದೂರಿದರು. ಕೆಲವು ವಾರಗಳ ನಂತರ ದೂರುಗಳು ನಿಂತವು. "ಸುಧಾರಿಸೀನಿ ಅಂತ ಕಾಣ್ತತಿ," ಎಂದರು.

ಜೊತೆಗೆ ನುಡಿಸಲು ಹಳೆಯ ಗೆಳೆಯರನ್ನು ಕರೆಯಬಾರದೇ ಎಂದೆ. ಇಬ್ಬರು ತೀರಿಹೋಗಿದ್ದಾರೆ, ಒಬ್ಬರು ಮಕ್ಕಳ ಜೊತೆ ಆಸ್ಟ್ರೇಲಿಯಾಕ್ಕೆ ಹೋಗಿದ್ದಾರೆ. ಎರಡೂ ಕಡೆಯಿಂದ ಕರೆಸುವುದು ಕಷ್ಟ.

ರಾಜ್ಯೋತ್ಸವದ ದಿನ ಗಿರಿಜಮ್ಮ ಮತ್ತು ನಾನು ಅವರೊಂದಿಗೆ ಹೊರಟೆವು. ಟೆಕ್ ಪಾರ್ಕಿನ ಫುಡ್ ಕೋರ್ಟ್ ತುಂಬ ಕೆಂಪು ಹಳದಿ ಬಲೂನು, ಕೊರಳಿಗೆ ಐಡಿ ಕಾರ್ಡ್, ಅದರ ಮೇಲೆ ಕನ್ನಡ ಶಾಲು. ಹೊಸದಾಗಿ ಸೀರೆ ಉಟ್ಟು ನಡೆಯಲು ಒದ್ದಾಡುತ್ತಿದ್ದ ಎಚ್.ಆರ್. ಮೇಡಂ ಓಡಿ ಬಂದರು.

"ಸಾರ್, ರಾಜ್ಯೋತ್ಸವ ಅಲ್ವಾ, ಯಾವ್ದಾದ್ರೂ ಕನ್ನಡ ಸಾಂಗ್ ಪ್ಲೇ ಮಾಡಿದ್ರೆ..."

"ಪೀಣ್ಯದಾಗ ಸೆಕೆಂಡ್ ಶಿಫ್ಟ್ ಮುಗಿಸಿ, ಬಸ್ಸಿನಾಗ ಕುಂತು ಕಟ್ಟಿದ ಟ್ಯೂನು ಇದು. ಇದಕ್ಕಿಂತ ಕನ್ನಡ ಯಾವುದೈತ್ರೀ ಮೇಡಂ?"

ಮೇಡಂ ಸ್ವಲ್ಪ ಯೋಚಿಸಿ "ಸೂಪರ್ ಸಾರ್" ಎಂದರು. (ಅರ್ಥವಾಗದಿದ್ದರೆ ನಾನೂ ಹಾಗೇ ಅನ್ನುತ್ತೇನೆ.)

ವಿರೂಪಾಕ್ಷಪ್ಪ ವಿಭೂತಿ ಒರೆಸಿಕೊಳ್ಳದೆ ವೇದಿಕೆ ಹತ್ತಿದರು. ಶುರು ಮಾಡಿದರು. ಮೊದಲ ಸಾಲು ಕೇಳುತ್ತಿದ್ದಂತೆ ಇಡೀ ಫುಡ್ ಕೋರ್ಟ್ "ಓ..." ಎಂದಿತು. ಎಲ್ಲರಿಗೂ ಗುರುತು ಸಿಕ್ಕಿತ್ತು. "ಮಚ್ಚಾ, ಹೋಲ್ಡ್ ಮ್ಯೂಸಿಕ್ ಕಣೋ!" ಎಂದು ನನ್ನ ಪಕ್ಕದ ಹುಡುಗ ಗೆಳೆಯನ ಬೆನ್ನಿಗೆ ಬಾರಿಸಿದ. ಮೊಬೈಲುಗಳು ಮೇಲೆದ್ದವು. ಟ್ಯೂನ್ ಏರುತ್ತಾ ಹೋಗಿ ಆ ಜಾಗಕ್ಕೆ ಬಂತು. ಸೋಲೋಗೆ ಮುಂಚೆ ಅಲ್ಲೊಂದು ಸಣ್ಣ ನಿಲುಗಡೆ ಇದೆ. ಅವರು ಸ್ಯಾಕ್ಸೋಫೋನ್ ಬಾಯಿಂದ ಸರಿಸಿ ಉಸಿರು ಎಳೆದುಕೊಂಡರು.

ಅಷ್ಟೇ. ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು: "ಥ್ಯಾಂಕ್ಯೂ ಫಾರ್ ಹೋಲ್ಡಿಂಗ್! ಹೌ ಮೇ ಐ ಹೆಲ್ಪ್ ಯೂ?"

ಅವರ ತಪ್ಪಿಲ್ಲ ಬಿಡಿ. ಸಂಗೀತ ನಿಂತ ಕೂಡಲೇ ಮಾತಾಡಬೇಕು ಎಂಬುದೇ ಅವರ ನೌಕರಿ. ಆಮೇಲೆ ನಗು, ಶಿಳ್ಳೆ, ಚಪ್ಪಾಳೆ. ಕಾರ್ಯಕ್ರಮ ಮುಗಿಯಿತೆಂದು ತಿಳಿದು ಎಚ್.ಆರ್. ಮೇಡಂ ತಟ್ಟೆ ಹಿಡಿದು ವೇದಿಕೆಗೆ ಓಡಿದರು. ಮೈಸೂರು ಪೇಟ ತಲೆಗೇರಿತು. ಶಾಲು ಬಂತು. ಗಂಧದ ಹಾರ ಬಂತು. ಬಣ್ಣದ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿಯನ್ನು ಸ್ಯಾಕ್ಸೋಫೋನಿನ ಮೇಲೆಯೇ ಇಟ್ಟರು. ಫೋಟೋ ಆಯಿತು. ವಿರೂಪಾಕ್ಷಪ್ಪ ಏನೋ ಹೇಳಲು ಬಾಯಿ ತೆರೆದರು. "ಒನ್ಸ್ ಅಗೇನ್, ಬಿಗ್ ರೌಂಡ್ ಆಫ್ ಅಪ್ಲಾಸ್!" ಎಂದು ಮೈಕ್ ಅರಚಿತು.

ನನಗೆ ಹೊಟ್ಟೆ ಉರಿದುಹೋಯಿತು. ಯಂತ್ರ ಕತ್ತರಿಸಿದ ಜಾಗದಲ್ಲೇ ಮನುಷ್ಯರೂ ಕತ್ತರಿಸಿದ್ದರು, ಅದೂ ಗೌರವಪೂರ್ವಕವಾಗಿ! ನಮ್ಮಲ್ಲಿ ಇದೊಂದು ಪದ್ಧತಿಯೇ ಆಗಿದೆ. ಯಾರಾದರೂ ಇನ್ನೂ ಏನಾದರೂ ಮಾಡುವ ಲಕ್ಷಣ ಕಂಡರೆ ಸಾಕು, ಹಿಡಿದು ಸನ್ಮಾನ ಮಾಡಿಬಿಡುತ್ತೇವೆ. ತಲೆಗೆ ಪೇಟ, ಕೈಗೆ ಬುಟ್ಟಿ. ಎರಡೂ ಕೈಯಲ್ಲಿ ಬುಟ್ಟಿ ಹಿಡಿದವನು ಇನ್ನೇನು ಮಾಡಿಯಾನು?

ಜನ ಏಳತೊಡಗಿದರು. ಶಿಫ್ಟ್ ಲಾಗಿನ್ ಸಮಯ. ಗಿರಿಜಮ್ಮ ಕೂತಲ್ಲಿಂದಲೇ, ಇಡೀ ಫುಡ್ ಕೋರ್ಟಿಗೆ ಕೇಳುವಂತೆ ಕೂಗಿದರು:

"ಆ ಬುಟ್ಟಿ ಕೆಳಗಿಡ್ರೀ! ಸೋಲೋ ಎಲ್ಲೈತಿ?"

ವಿರೂಪಾಕ್ಷಪ್ಪ ಬುಟ್ಟಿಯನ್ನು ಎಚ್.ಆರ್. ಮೇಡಂ ಕೈಗೆ ಕೊಟ್ಟರು. ಪೇಟ ಹಣೆಯಿಂದ ಸ್ವಲ್ಪ ಹಿಂದಕ್ಕೆ ತಳ್ಳಿದರು. ಕಣ್ಣು ಮುಚ್ಚಿಕೊಂಡು ನುಡಿಸಿದರು.

ನನಗೆ ಜಾಝ್ ಗೊತ್ತಿಲ್ಲ. ನಡುವೆ ಒಮ್ಮೆ ಹಲ್ಲುಸೆಟ್ಟು ಜಾರಿ ಸ್ವರ ಕೀರಲಾಯಿತು. ಅವರು ನಿಲ್ಲಿಸಿ, ಹೆಬ್ಬೆರಳಿನಲ್ಲಿ ಹಲ್ಲು ಒತ್ತಿಕೊಂಡು, ಆ ಕೀರಲು ಸ್ವರವನ್ನೇ ಬೇಕೆಂದು ಮತ್ತೆ ನುಡಿಸಿ ಅಲ್ಲಿಂದಲೇ ಮುಂದುವರಿದರು. ನಾನು ನಾಚಿಕೆ ಬಿಟ್ಟು ಅತ್ತೆ. ಲಾಗಿನ್ ಮರೆತು ಶ್ರುತಿ ಅಲ್ಲೇ ನಿಂತಿದ್ದಳು. ಎಚ್.ಆರ್. ಮೇಡಂ ಬುಟ್ಟಿ ಇಳಿಸಲು ತೋಚದೆ ಅಪ್ಪಿಕೊಂಡೇ ಕೇಳುತ್ತಿದ್ದರು. ಉಳಿದ ಕುರ್ಚಿಗಳು ಹೆಚ್ಚುಕಡಿಮೆ ಖಾಲಿ. ದೋಸೆ ಕೌಂಟರಿನಲ್ಲಿ ಯಾರೋ ಟೋಕನ್ ಕೂಗುವುದನ್ನು ನಿಲ್ಲಿಸಿದ್ದರು.

ಕ್ಯಾಸೆಟ್ಟಿನ ಸೋಲೋ ನೆನಪಾಯಿತೇ ಎಂದು ಬರುವಾಗ ಕಾರಿನಲ್ಲಿ ಕೇಳಿದೆ.

"ಇಲ್ರೀ. ಅದು ಹೋತು. ಇದು ಇವತ್ತಿಂದು," ಎಂದರು.

ಮರುದಿನ ಆಫೀಸಿನವರು ವಿಡಿಯೋ ಹಾಕಿದರು. ಟ್ಯೂನ್ ಇದೆ, "ಥ್ಯಾಂಕ್ಯೂ ಫಾರ್ ಹೋಲ್ಡಿಂಗ್" ಇದೆ, ಪೇಟ ಇದೆ. ಅಲ್ಲಿಗೆ ಮುಗಿಯಿತು. ಕೆಳಗೆ 'ಕ್ಯೂಟ್ ಅಂಕಲ್' ಎಂದು ರಾಶಿ ರಾಶಿ ಹೃದಯಗಳು. ಅದೇ ಡೈನಿಂಗ್ ಟೇಬಲ್ಲಿನಲ್ಲಿ ಕೂತು ಮೂವರೂ ನೋಡಿದೆವು. ನಾನು ಬೈಯಲು ಶುರು ಮಾಡಿದೆ. ವಿರೂಪಾಕ್ಷಪ್ಪ ಕೈಯೆತ್ತಿ ತಡೆದರು.

"ನೀವು ಕೇಳಿದ್ರಿ, ಶ್ರುತಿ ಕೇಳಿದ್ಳು, ಬುಟ್ಟಿ ಮೇಡಂ ಕೇಳಿದ್ರು, ದೋಸೆಯವರು ಕೇಳಿದ್ರು. ನಮ್ಮಾಕಿ ತಲಿನೋವು ಬರ್ಸಿಕೊಂಡ್ಳು. ಆ ರೆಸ್ಟೋರೆಂಟಿನಾಗೂ ಖರೇ ಕೇಳೋರು ಇಷ್ಟೇ ಮಂದಿ ಇರ್ತಿದ್ರು, ಬಿಡ್ರಿ." ಕಾರಿನ ಕೀ ತೆಗೆದುಕೊಂಡು ಬೇಸ್‌ಮೆಂಟಿಗೆ ಹೊರಟರು.

ನಮ್ಮ ಮಷಿನ್ ಇನ್ನೂ ಕೆಟ್ಟೇ ಇದೆ, ಅದು ಬೇರೆ ಮಾತು. ನಿಮಗೂ ಯಾರಾದರೂ ಶಾಲು, ಪೇಟ ಹಿಡಿದುಕೊಂಡು ನಗುನಗುತ್ತಾ ಹತ್ತಿರ ಬಂದರೆ, ತಲೆ ಬಗ್ಗಿಸುವ ಮೊದಲು ಒಂದು ನಿಮಿಷ ಯೋಚಿಸಿ: ನಿಮ್ಮ ಸೋಲೋ ಆಗಿದೆಯೇ?